ಬಾಗಿಲಲ್ಲಿ ಕೂತ ಮದುಮಗಳು

ನನ್ನ ಮಗಳು ಕಲಿತ ಮೊದಲ ಉದ್ದನೆಯ ಮಾತು ‘ಮೆಟ್ಟಿಲತ್ತೆ’. ಅವಳ ಅತ್ತೆ, ಅಂದರೆ ನನ್ನ ಗಂಡನ ಅಕ್ಕ, ಆ ಸೋಂಕಿನ ತಿಂಗಳುಗಳಲ್ಲಿ ನಮಗೆ ಕಾಣಿಸುತ್ತಿದ್ದದ್ದೇ ಮನೆಯ ಹೊರಗಿನ ಕಬ್ಬಿಣದ ಮೆಟ್ಟಿಲ ಮೇಲೆ. ಕೆಳಗಿನ ಮನೆಯಲ್ಲಿ ನಾವು, ಮಹಡಿಯ ಒಂಟಿ ಕೋಣೆಯಲ್ಲಿ ಅವರು. ಕೆಲಸ ಮುಗಿಸಿ ಬಂದವರು ಒಳಗೆ ಕಾಲಿಡದೆ ನೇರ ಮೇಲೆ ಹತ್ತಿ, ಬಟ್ಟೆಯನ್ನು ಸೋಪಿನ ನೀರಿಗೆ ಹಾಕಿ, ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲು ಬಿಟ್ಟುಕೊಂಡು ನಡುಮೆಟ್ಟಿಲಿಗೆ ಬಂದು ಕೂರುತ್ತಿದ್ದರು. ನಾನು ತಟ್ಟೆಯನ್ನು ಕೆಳಗಿನ ಮೆಟ್ಟಿಲಿನ ಮೇಲಿಟ್ಟು ಹಿಂದೆ ಸರಿದ ಮೇಲೆ ಇಳಿದು ಎತ್ತಿಕೊಳ್ಳುತ್ತಿದ್ದರು. ಮಗು ಕೈ ಚಾಚಿದರೆ ಅವರು ತಮ್ಮ ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತಿದ್ದರು. ಆ ಕೈಗಳನ್ನು ನಂಬುವುದು ಅವರಿಗೇ ಕಷ್ಟವಾಗಿತ್ತು.

ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ. ಊರಿನ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಹೃದಯದ ರಕ್ತನಾಳ ಕಟ್ಟಿಕೊಂಡವರನ್ನು ಮಲಗಿಸಿ, ಮಣಿಕಟ್ಟಿನಿಂದ ಸಣ್ಣ ತಂತಿ ತೂರಿಸಿ, ಕಟ್ಟಿದ್ದನ್ನು ಬಿಡಿಸುವ ಕೋಣೆಯೊಂದಿದೆಯಲ್ಲ, ಅಲ್ಲಿನವರು. “ನಮ್ಮವಳು ಎದೆಯ ಪ್ಲಂಬರು” ಎಂದು ನನ್ನ ಮಾವ ಬಂದವರಿಗೆಲ್ಲ ಪರಿಚಯ ಮಾಡಿಕೊಡುತ್ತಿದ್ದರು. ಮಾವ ದರ್ಜಿ. ನನ್ನ ಅತ್ತೆ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ ಹೊಲಿಗೆ ಯಂತ್ರವನ್ನು ಮನೆಯ ಮುಂದಿನ ಕೋಣೆಗೆ ತಂದಿಟ್ಟುಕೊಂಡಿದ್ದರು. ಮೊಮ್ಮಗಳಿಗೆ ಅವರಿಟ್ಟ ಅಡ್ಡಹೆಸರು ಗುಂಡಿ. ದುಂಡಗಿದ್ದಾಳೆ, ಬೇಕಾದಾಗ ಕೈಗೆ ಸಿಗುವುದಿಲ್ಲ, ಬೇಡದ ಕಡೆ ಕಾಲಿಗೆ ಸಿಗುತ್ತಾಳೆ, ಅದಕ್ಕೆ.

ಅತ್ತಿಗೆಯ ಗಂಟಲು ದೊಡ್ಡದು. ಗುಟ್ಟು ಹೇಳಿದರೂ ಮೂರನೆಯ ಮನೆಗೆ ಕೇಳಿಸುತ್ತದೆ. ಆ ದೊಡ್ಡ ಗಂಟಲಲ್ಲಿ ಅವರು ಪ್ರತಿ ಸಂಜೆ ನಮಗೆ ಒಂದೇ ಪಾಠ ಹೇಳುತ್ತಿದ್ದರು.

“ಯಾರೂ ಆಸ್ಪತ್ರೆ ಕಡೆ ತಲೆ ಹಾಕಬೇಡಿ. ನೆಗಡಿ, ಹೊಟ್ಟೆನೋವು, ಮಂಡಿನೋವು, ಏನಿದ್ರೂ ಮನೇಲೇ ನೋಡ್ಕೊಳ್ಳಿ. ಅಲ್ಲಿ ಗೋಡೆ ಮುಟ್ಟೋಕೂ ಭಯ ಆಗುತ್ತೆ ಈಗ.”

“ಆಯ್ತಮ್ಮ, ಸತ್ರೂ ಬರಲ್ಲ” ಎಂದು ಮಾವ ಗುಂಡಿಯನ್ನು ತೊಡೆಯ ಮೇಲೆ ಕುಣಿಸುತ್ತಾ ಹೇಳುತ್ತಿದ್ದರು. ನಾವು ನಗುತ್ತಿದ್ದೆವು.

ಒಂದು ಸಂಜೆ ಅತ್ತಿಗೆ ಮೆಟ್ಟಿಲಿಗೆ ಬಂದು ಕೂತರು. ತಟ್ಟೆ ಎತ್ತಲಿಲ್ಲ. ನಾನು ಕಾದೆ. ಅವರನ್ನು ಕೆದಕಿದರೆ ಹೇಳುವುದಿಲ್ಲ, ಬಿಟ್ಟರೆ ತಾವೇ ಹೇಳುತ್ತಾರೆ.

“ಶಾಲೆ ಬಸ್ಸಿನ ಡ್ರೈವರ್ ಒಬ್ಬ ಬಂದಿದ್ದ ಕಣೇ ಇವತ್ತು. ಎದೆ ಹಿಡ್ಕೊಂಡು. ಗೇಟಲ್ಲಿ ಕೆಮ್ಮಿದ. ಕೆಮ್ಮು ಇದೆ ಅಂತ ಜ್ವರದ ಡೇರೆಗೆ ಕಳಿಸಿದ್ರು. ಪರೀಕ್ಷೆ ಆಗ್ಬೇಕು, ರಿಪೋರ್ಟ್ ಬರ್ಬೇಕು, ಆಮೇಲೆ ನಮ್ಮ ಕೋಣೆ. ರಿಪೋರ್ಟ್ ಬರೋ ಮೊದಲೇ ಅವನ ಮುಖ ಬೂದಿ ಬಣ್ಣ ಆಯ್ತು. ಆಗ ಓಡಿ ಬಂದು ಕರೆದ್ರು. ನಾವು ಆ ಬಿಳಿ ಅಂಗಿ ಹಾಕ್ಕೋಬೇಕಲ್ಲ, ಕಾಲಿಂದ ತಲೆವರೆಗೂ? ಒಬ್ಬರಿಗೊಬ್ಬರು ಜಿಪ್ ಎಳೆದು, ಟೇಪ್ ಹಚ್ಚಿ, ಕನ್ನಡಕ ಏರಿಸಿ… ಅವನು ಗಾಜಿನ ಆಚೆ ಮಲಗಿದಾನೆ, ನಾವು ಈಚೆ ಬಟ್ಟೆ ಉಡ್ತಾ ಇದೀವಿ.”

“ಉಳಿದ್ನಾ?”

“ಉಳಿದ. ನಾಳ ತೆರೀತು. ಆದ್ರೆ ಹೃದಯ ಅರ್ಧ ಸತ್ತೋಗಿತ್ತು. ಇನ್ನು ಅವನು ಬಸ್ಸು ಓಡಿಸೋದಿರಲಿ, ಬಸ್ಸು ಹತ್ತೋದೂ ಕಷ್ಟ.”

ಮಾವ ಯಂತ್ರ ನಿಲ್ಲಿಸಿ ಕಿಟಕಿಯಿಂದ ಕೇಳುತ್ತಿದ್ದರು. “ಒಂದು ಅಂಗಿ ಹಾಕೋಕೆ ಅಷ್ಟು ಹೊತ್ತೇನಮ್ಮ?” ಎಂದರು.

“ಅಂಗಿ ಅಲ್ಲಪ್ಪ ಅದು, ಕೋಟೆ.”

ಮರುದಿನ ಅತ್ತಿಗೆ ಹೃದಯದ ಡಾಕ್ಟರ ಬಳಿ ಹೋಗಿ ಹೇಳಿದ್ದನ್ನು ನನಗೆ ಮೆಟ್ಟಿಲಿನ ಮೇಲೆ ಅಭಿನಯ ಸಮೇತ ತೋರಿಸಿದರು. ಎದೆನೋವೆಂದು ಬಂದವರಿಗೆಲ್ಲ ಸೋಂಕು ಇದೆಯೆಂದೇ ತಿಳಿದುಕೊಳ್ಳೋಣ, ಪರೀಕ್ಷೆ ಆಮೇಲಾಗಲಿ. ಅವರಿಗೆ ಡೇರೆ ಬೇಡ, ಪಕ್ಕದ ಬಾಗಿಲು ಬಿಟ್ಟುಕೊಡಿ. ಆ ಬಾಗಿಲಲ್ಲಿ ಯಾವಾಗಲೂ ಒಬ್ಬರು ಉಟ್ಟುಕೊಂಡು ತಯಾರಾಗಿ ಕೂತಿರಲಿ. ರೋಗಿ ಬಂದ ಕೂಡಲೇ ಒಳಗೆ ಎಳೆದುಕೊಂಡು ಕೆಲಸ ಶುರು ಮಾಡಲಿ, ಉಳಿದವರು ಅಷ್ಟರಲ್ಲಿ ಉಟ್ಟುಕೊಂಡು ಬರಲಿ.

“ಡಾಕ್ಟ್ರು ಕೇಳಿದ್ರು, ‘ಸಿಸ್ಟರ್, ಪಾಳಿ ಪೂರ್ತಿ ಅದರೊಳಗೆ ಯಾರು ಕೂರ್ತಾರೆ? ನೀರು ಕುಡಿಯೋ ಹಾಗಿಲ್ಲ, ಬಾತ್‌ರೂಮಿಗೆ ಹೋಗೋ ಹಾಗಿಲ್ಲ, ಬೆವರು ಒರೆಸ್ಕೊಳ್ಳೋ ಹಾಗಿಲ್ಲ.’ ನಾನಂದೆ, ನಾನು ಕೂರ್ತೀನಿ, ನಾಳೆ ಇನ್ನೊಬ್ಬಳು ಕೂರ್ತಾಳೆ, ನಾಡಿದ್ದು ನೀವು ಕೂರಿ.”

“ಹಾಗೇ ಅಂದ್ರಾ, ಡಾಕ್ಟ್ರಿಗೆ?”

“ಅಂದೆ. ಕೂತ್ರು ಕೂಡ, ಪಾಪ. ಒಳ್ಳೆ ಮನುಷ್ಯ. ಆದ್ರೆ ಕೂತಲ್ಲೇ ತೂಕಡಿಸ್ತಾರೆ.”

ಹಾಗೆ ಆ ಪಕ್ಕದ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ಅದರಲ್ಲಿ ದಿನವೂ ಒಬ್ಬರು ಅಡಿಯಿಂದ ಮುಡಿಯವರೆಗೆ ಬಿಳಿ ಉಟ್ಟುಕೊಂಡು, ಕೈ ಮಡಿಲಲ್ಲಿಟ್ಟುಕೊಂಡು, ಯಾರು ಬರುತ್ತಾರೋ ಎಂದು ಬಾಗಿಲು ನೋಡುತ್ತಾ ಕೂತರು. ಕಸ ಗುಡಿಸುವ ಹೆಂಗಸೊಬ್ಬಳು ಮೊದಲ ದಿನವೇ ನಕ್ಕು, “ಏನು, ಮದುಮಗಳು ಕೂತಂಗೆ ಕೂತಿದೀರಲ್ಲ” ಎಂದಳಂತೆ. ಹೆಸರು ಅಂಟಿಕೊಂಡಿತು. ಬೆಳಿಗ್ಗೆ ಪಾಳಿ ಶುರುವಾದರೆ ಮೊದಲ ಪ್ರಶ್ನೆ, ಇವತ್ತು ಮದುಮಗಳು ಯಾರು? ಆ ಉಡುಪಿನೊಳಗೆ ಯಾರು ಯಾರೆಂದು ಗೊತ್ತಾಗದ ಕಾರಣ ಎದೆಯ ಮೇಲೆ ದಪ್ಪ ಪೆನ್ನಿನಲ್ಲಿ ಹೆಸರು ಬರೆದುಕೊಳ್ಳುವುದಿತ್ತು. ಕುರ್ಚಿಯಲ್ಲಿ ಕೂತವರು ಮಾತ್ರ ತಮ್ಮ ಹೆಸರಿನ ಬದಲು ‘ಮದುಮಗಳು’ ಎಂದು ಬರೆದುಕೊಳ್ಳತೊಡಗಿದರು. ಡಾಕ್ಟರ ಪಾಳಿ ಬಂದ ದಿನ ಅವರ ಎದೆಯ ಮೇಲೂ ಅದೇ.

ಅತ್ತಿಗೆ ಮದುವೆಯಾದವರಲ್ಲ. ಬಂದ ಸಂಬಂಧಗಳನ್ನೆಲ್ಲ ಒಂದು ಕಾಲದಲ್ಲಿ ಕಡ್ಡಿ ಮುರಿದಂತೆ ಬೇಡವೆಂದವರು. ಮಾವನಿಗೆ ಈ ಸುದ್ದಿ ಹಬ್ಬವಾಯಿತು. “ನಾನು ಮಂಡಿಯೂರಿ ಬೇಡ್ಕೊಂಡ್ರೂ ಆಗ್ಲಿಲ್ಲ, ಆಸ್ಪತ್ರೆಯವರು ಮಾಡೇಬಿಟ್ರಲ್ಲ.”

“ವರ ಮಾತ್ರ ದಿನಕ್ಕೊಬ್ಬ, ಅಪ್ಪ. ಎಲ್ಲರೂ ಎದೆನೋವಿನವರೇ.”

ನಗುವಿನ ನಡುವೆ ಮಾವ ಆ ಉಡುಪನ್ನು ತರಿಸಿಕೊಂಡರು. ಅದು ತೊಳೆದು ಮತ್ತೆ ಬಳಸುವ ಬಗೆಯದು, ಆಳೆತ್ತರದ ಗಂಡಸಿಗೆ ಹೊಲಿದದ್ದು. ಅತ್ತಿಗೆ ಅದರಲ್ಲಿ ಎರಡು ಸಲ ಎಡವಿದ್ದರು. ಆಸ್ಪತ್ರೆಯಲ್ಲೇ ಕುದಿಸಿ ಒಣಗಿಸಿ ಕೊಟ್ಟದ್ದನ್ನು ಮಾವ ಬಿಚ್ಚಿ, ಕಾಲು ಮೋಟು ಮಾಡಿ, ತೋಳು ಒಳಗೆ ಹಿಡಿದು, ಬೆವರು ಕಣ್ಣಿಗಿಳಿಯದಂತೆ ಹಣೆಯೊಳಗೆ ಮೆತ್ತನೆಯ ಬಟ್ಟೆಪಟ್ಟಿ ಕೂರಿಸಿ ಕೊಟ್ಟರು. ಇನ್ನುಳಿದ ನರ್ಸುಗಳೂ ತಮ್ಮದನ್ನು ಕಳಿಸಿದರು. ನಮ್ಮ ಮುಂದಿನ ಕೋಣೆ ಭೂತಗಳ ದರ್ಜಿ ಅಂಗಡಿಯಂತಾಯಿತು.

ಆದರೆ ಕೆಲವು ವಾರ ಕಳೆದ ಮೇಲೆ ಅತ್ತಿಗೆಯ ಮುಖದಲ್ಲಿ ಬೇರೆ ಚಿಂತೆ ಕಂಡಿತು. ಕುರ್ಚಿಯಲ್ಲಿ ಮದುಮಗಳಿದ್ದಾಳೆ, ಬಾಗಿಲಿಗೆ ಯಾರೂ ಬರುತ್ತಿಲ್ಲ.

“ಮೊದಲೆಲ್ಲ ಉಸಿರಾಡೋಕೆ ಪುರುಸೊತ್ತು ಇರ್ತಿರಲಿಲ್ಲ. ಈಗ ಬೆವರು ಸುರಿಸ್ಕೊಂಡು ಸುಮ್ನೆ ಕೂತು ಎದ್ದು ಬರ್ತೀನಿ. ಊರಿನ ಹೃದಯ ಎಲ್ಲ ಒಂದೇ ಸಲ ಗಟ್ಟಿಯಾದ್ವಾ?”

“ಆಗಿರಬಹುದು. ಗಾಳಿ ಚೆನ್ನಾಗಿದೆ, ಗಾಡಿ ಓಡಾಟ ಇಲ್ಲ” ಎಂದ ನನ್ನ ಗಂಡ. ಅವನು ನೀರು ಸರಬರಾಜಿನ ಪಂಪ್‌ಹೌಸಿನಲ್ಲಿದ್ದಾನೆ, ಎಲ್ಲಕ್ಕೂ ಒಂದು ಒಳ್ಳೆಯ ಕಾರಣ ಹುಡುಕುತ್ತಾನೆ.

“ಸುಮ್ನಿರೋ. ಬರೋ ಒಬ್ಬಿಬ್ಬರು ಬಾಡಿಹೋಗಿ ಬರ್ತಾರೆ. ಎರಡು ದಿನ ಮನೇಲಿ ಹಲ್ಲು ಕಚ್ಕೊಂಡು ಕೂತಿರ್ತಾರೆ. ಯಾಕೆ ಅಂತಾನೇ ಗೊತ್ತಾಗ್ತಿಲ್ಲ.”

ಆಗಲೂ ಪ್ರತಿ ಸಂಜೆಯ ಪಾಠ ನಿಂತಿರಲಿಲ್ಲ. ಯಾರೂ ಆಸ್ಪತ್ರೆ ಕಡೆ ತಲೆ ಹಾಕಬೇಡಿ. ಇದಕ್ಕೂ ಅದಕ್ಕೂ ಗಂಟು ಹಾಕಿ ನೋಡಲು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಒಂದು ಬೆಳಿಗ್ಗೆ, ಮಾವ ಗುಂಡಿಯನ್ನು ತೊಡೆಯಿಂದ ಇಳಿಸಿದಾಗ.

ಅವರು ಎಂದೂ ಅವಳನ್ನು ತಾವಾಗಿ ಇಳಿಸಿದವರಲ್ಲ. ಸೂಜಿಗೆ ದಾರ ಪೋಣಿಸುವಾಗಲೂ ಒಂದು ಮಂಡಿಯ ಮೇಲೆ ಅವಳಿರಬೇಕು. ನಾನು ಹಾಲು ಕಾಯಿಸುತ್ತಿದ್ದೆ. “ತಗೋ ಮಗಳೇ, ಇವಳನ್ನ ಸ್ವಲ್ಪ ಎತ್ಕೋ” ಎಂದರು. ದನಿ ಮೆತ್ತಗಿತ್ತು. ಒಲೆ ಆರಿಸಿ ಹೋಗಿ ನೋಡಿದರೆ ಸೆಖೆಯಲ್ಲೂ ಸ್ವೆಟರ್ ಹಾಕಿಕೊಂಡಿದ್ದಾರೆ. ಕೊರಳ ಬಳಿ ಅಂಗಿ ನೆಂದು ಅಂಟಿಕೊಂಡಿದೆ.

“ಮಾವ, ಎದೆ ನೋವಾ?”

“ಗ್ಯಾಸು.”

“ಸ್ವೆಟರ್ ಯಾಕೆ?”

ಮಗಳು ವರ್ಷಗಟ್ಟಲೆ ಊಟದ ಹೊತ್ತಿನಲ್ಲಿ ಹೇಳಿದ್ದ ಲಕ್ಷಣಗಳೆಲ್ಲ ಮಾವನಿಗೆ ಬಾಯಿಪಾಠ. ಬೆವರು ನೋಡಿದರೆ ಹಿಡಿಯುತ್ತಾರೆಂದು ಸ್ವೆಟರ್. ಎಡಗೈ ಒತ್ತಿಕೊಂಡರೆ ಗೊತ್ತಾಗುತ್ತದೆಂದು ಆ ಕೈಯನ್ನು ಯಂತ್ರದ ಮೇಲೆ ಸುಮ್ಮನೆ ಇಟ್ಟಿದ್ದಾರೆ. ಕಳ್ಳನಿಗೆ ಪೊಲೀಸರ ಪಾಠ ಪೂರ್ತಿ ತಿಳಿದಿದ್ದರೆ ಹೇಗೋ ಹಾಗೆ.

“ಯಾವಾಗಿಂದ?”

“ನಿನ್ನೆ ಸಂಜೆ ಬಂದು ಹೋಯ್ತು. ಈಗ ಮತ್ತೆ ಬಂದಿದೆ. ಹೋಗುತ್ತೆ ಬಿಡು.”

“ನಿನ್ನೆ ಸಂಜೆ ಅತ್ತಿಗೆ ಎದುರಿಗೇ ಕೂತಿದ್ರಲ್ಲ ಮಾವ. ಒಂದು ಮಾತು ಹೇಳಬಾರದಿತ್ತಾ?”

“ಅವಳೇ ಹೇಳಿದಾಳಲ್ಲ, ಆಸ್ಪತ್ರೆಗೆ ಬರಬೇಡಿ ಅಂತ. ನಾನು ಹೋಗಿ, ಅಲ್ಲಿಂದ ಸೋಂಕು ಹೊತ್ಕೊಂಡು ಬಂದು, ಇವಳಿಗೆ ಹಚ್ಚಲಾ?” ಎಂದು ಗುಂಡಿಯ ಕಡೆ ನೋಡಿದರು. “ಮಗಳ ಮಾತು ಮೀರೋದು ಬೇಡ ಅಂತ ಸುಮ್ನಿದ್ದೆ.”

ಅವರು ಮಗಳ ಮಾತನ್ನು ಅಷ್ಟು ಚಾಚೂ ತಪ್ಪದೆ ಕೇಳಿದ್ದು ಬಹುಶಃ ಅದೇ ಮೊದಲು.

ಅತ್ತಿಗೆಗೆ ಫೋನು ಮಾಡಿದೆ. ರಿಂಗಾಗಿ ನಿಂತಿತು. ಅಂದರೆ ಫೋನು ಆಸ್ಪತ್ರೆಯ ಬೀರುವಿನಲ್ಲಿದೆ, ಅಂದರೆ ಇವತ್ತು ಮದುಮಗಳು ಅವರೇ. ಗಂಡನಿಗೆ ಮಾಡಿದೆ. “ಬಂದೆ, ನಾನು ಬರೋವರೆಗೂ ಇರು” ಎಂದ. “ಇರಲ್ಲ, ನೀನು ನೇರ ಅಲ್ಲಿಗೇ ಬಾ” ಎಂದು ಇಟ್ಟು ಆಂಬುಲೆನ್ಸ್ ಕರೆಸಿದೆ.

ಮಗುವನ್ನು ಏನು ಮಾಡುವುದು? ಎದುರುಮನೆಯ ಟೀಚರು ಆಸ್ಪತ್ರೆಯವರ ಮನೆಯೆಂದು ನಮ್ಮ ಕಡೆಯ ಕಿಟಕಿ ಮುಚ್ಚಿ ತಿಂಗಳುಗಳಾಗಿದ್ದವು. ಆದರೂ ಅವರ ಬಾಗಿಲನ್ನೇ ತಟ್ಟಿದೆ. ಅವರು ಆಂಬುಲೆನ್ಸು ನೋಡಿದರು, ನನ್ನ ಮುಖ ನೋಡಿದರು, ಗುಂಡಿಯನ್ನು ನೋಡಿದರು. “ಹಾಲು ಕುಡಿದಿದಾಳಾ?” ಎಂದಷ್ಟೇ ಕೇಳಿ ಎತ್ತಿಕೊಂಡರು. ಎತ್ತಿಕೊಂಡು ಅವಳ ತಲೆಯನ್ನು ತಮ್ಮ ಭುಜಕ್ಕೆ ಒತ್ತಿಕೊಂಡರು, ಮಾಸ್ಕು ಗೀಸ್ಕು ಏನೂ ಇಲ್ಲದೆ. ಆ ಋಣ ದೊಡ್ಡದು.

ಗಾಡಿಯಲ್ಲಿ ಬಂದವನು ಮಾವನಿಗೆ ಮಾತ್ರೆ ಅಗಿಯಲು ಕೊಟ್ಟು, “ಜ್ವರ ಇದೆಯಾ? ಕೆಮ್ಮು?” ಎಂದು ಕೇಳಿದ.

ಮಾವನಿಗೆ ಹತ್ತಿಯ ಧೂಳಿನ ಹಳೆಯ ಕೆಮ್ಮಿದೆ. ಇಲ್ಲ ಅನ್ನು ಎಂಬಂತೆ ಅವರು ನನ್ನ ಕೈ ಹಿಸುಕಿದರು. ಕೆಮ್ಮೆಂದರೆ ಡೇರೆ, ಡೇರೆಯೆಂದರೆ ಬಸ್ಸಿನ ಡ್ರೈವರು. ಅವರ ತಲೆಯಲ್ಲಿದ್ದದ್ದೇ ನನ್ನ ತಲೆಯಲ್ಲೂ ಇತ್ತು. ಆದರೆ ಆ ಬಾಗಿಲ ನಿಯಮ ಮಾಡಿದ್ದು ಯಾರು? ನಮ್ಮವರೇ. ಅದನ್ನು ನಾನೇ ನಂಬದಿದ್ದರೆ ಇನ್ನಾರು ನಂಬಬೇಕು?

“ಕೆಮ್ಮಿದೆ, ಹಳೇದು. ಎದೆನೋವು ಹೊಸದು. ಪಕ್ಕದ ಬಾಗಿಲಿಗೆ ಹೋಗಿ.”

“ಗೊತ್ತಮ್ಮ. ಮದುಮಗಳ ಬಾಗಿಲು” ಎಂದ ಅವನು. ನನಗೆ ಆ ಹೊತ್ತಿನಲ್ಲೂ ಎದೆ ಉಬ್ಬಿತು.

ಆಸ್ಪತ್ರೆಯ ಮುಂದೆ ಡೇರೆ, ಡೇರೆಯ ಮುಂದೆ ಬಿಸಿಲಲ್ಲಿ ಕಾಯುವವರ ಸಾಲು. ನಮ್ಮ ಗಾಡಿ ಅದನ್ನು ದಾಟಿ ಗೋಡೆಯ ಪಕ್ಕಕ್ಕೆ ತಿರುಗಿತು. ಬಾಗಿಲು ತೆರೆದೇ ಇತ್ತು. ಪ್ಲಾಸ್ಟಿಕ್ ಕುರ್ಚಿಯಿಂದ ಬಿಳಿಯ ಆಕೃತಿಯೊಂದು ಎದ್ದು ಬಂತು. ಕನ್ನಡಕ ಮಂಜಾಗಿತ್ತು, ಎದೆಯ ಮೇಲೆ ‘ಮದುಮಗಳು’. ಮಾವನ ಮುಖಕ್ಕೂ ಮಾಸ್ಕಿತ್ತು. ಅತ್ತಿಗೆ ಮುಖ ನೋಡಲೇ ಇಲ್ಲ. ಅವರು ನೋಡಿದ್ದು ಅಂಗಿಯ ಗುಂಡಿಗಳನ್ನು ಬಿಚ್ಚಿ ತಂತಿ ಅಂಟಿಸಬೇಕಾದ ಎದೆಯನ್ನು, ಆಮೇಲೆ ಇಸಿಜಿ ಯಂತ್ರದಿಂದ ಹೊರಬಂದ ಕಾಗದದ ಪಟ್ಟಿಯನ್ನು.

“ನೋವು ಯಾವಾಗಿಂದ ಯಜಮಾನ್ರೇ?” ಎಂದು ಕೇಳಿದರು, ಆ ದೊಡ್ಡ ಗಂಟಲಲ್ಲಿ.

ನಾನು ಅತ್ತಿಗೆ ಎಂದು ಕೂಗುವಷ್ಟರಲ್ಲಿ ಮಾವ ಕಣ್ಣು ಬಿಟ್ಟು, ತಮ್ಮ ಮೇಲೆ ಬಾಗಿದ್ದ ಬಿಳಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

“ಕಂಕುಳ ಹತ್ರ ಹೊಲಿಗೆ ಬಿಟ್ಟಿದೆ” ಎಂದರು. “ಸಂಜೆ ಕೊಡು, ಹಾಕಿಕೊಡ್ತೀನಿ.”

ಬಿಳಿಯ ಆಕೃತಿ ಕಲ್ಲಾಯಿತು. ಎಷ್ಟು ಹೊತ್ತೆಂದರೆ, ನಾನು ಒಂದು ಉಸಿರು ಎಳೆದು ಬಿಡುವಷ್ಟು. ಆಮೇಲೆ ಕೈ ಗಾಲಿಮಂಚದ ಹಿಡಿಗೆ ಹೋಯಿತು.

“ಕೊಡ್ತೀನಪ್ಪ. ಈಗ ಮಾತಾಡಬೇಡ.”

ಒಳಗಿನ ಬಾಗಿಲು ಮುಚ್ಚಿತು.

ಒಳಗೆ ನಡೆದದ್ದನ್ನು ಆಮೇಲೆ ಡಾಕ್ಟರೇ ನಮಗೆ ಹೇಳಿದರು. ಅವರು ಇನ್ನೂ ಉಡುತ್ತಿದ್ದರಂತೆ, ರೋಗಿ ಯಾರೆಂದು ತಿಳಿದು, “ಸಿಸ್ಟರ್, ನಿಮ್ಮಿಂದ ಆಗುತ್ತಾ? ಬೇರೆಯವರನ್ನ ಉಡಿಸಿ ಕಳಿಸಲಾ?” ಎಂದು ಗಾಜಿನ ಆಚೆಯಿಂದ ಕೇಳಿದರಂತೆ. ಅದಕ್ಕೆ ಅತ್ತಿಗೆ ತಿರುಗಿಯೂ ನೋಡದೆ, “ಇನ್ನೊಬ್ಬರು ಉಡೋವರೆಗೂ ನಮ್ಮಪ್ಪನ ಹೃದಯ ಕಾಯಲ್ಲ ಸಾರ್. ಉಟ್ಟಿರೋಳು ನಾನು” ಎಂದರಂತೆ. ಡಾಕ್ಟರು ಒಳಗೆ ಬರುವಷ್ಟರಲ್ಲಿ ಮಣಿಕಟ್ಟು ಒರೆಸಿ, ಹೊದಿಕೆ ಹೊದಿಸಿ, ತಂತಿಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟಾಗಿತ್ತು. ತಂದೆಯ ಹಣೆಯ ಬೆವರನ್ನೂ ಒರೆಸಿಯಾಗಿತ್ತು.

ನಾನು ಮತ್ತು ನನ್ನ ಗಂಡ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆವು. ಅವನು ಒಂದು ಒಳ್ಳೆಯ ಕಾರಣವನ್ನೂ ಹುಡುಕಲಿಲ್ಲ, ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದ, ಗುಂಡಿ ಹಿಡಿದುಕೊಳ್ಳುವ ಹಾಗೆ. ಕೊನೆಗೆ ಗಾಜಿನ ಕಿಟಕಿಯ ಮೇಲೆ ಯಾರೋ ಕುಟ್ಟಿದರು. ಬಿಳಿಯ ಕೈ, ಕಂಕುಳಲ್ಲಿ ಬಿಟ್ಟ ಹೊಲಿಗೆ. ಆ ಕೈ ಹೆಬ್ಬೆರಳೆತ್ತಿ ತೋರಿಸಿತು. ಆಮೇಲೆ ಕಿಟಕಿಗೆ ಅಂಗೈ ಒತ್ತಿ ಹಾಗೇ ಇಟ್ಟಿತು.

ಕಟ್ಟಿದ್ದ ನಾಳ ಸಮಯಕ್ಕೆ ತೆರೆದಿತ್ತು. ಹೃದಯಕ್ಕೆ ಆದ ಪೆಟ್ಟು ಸಣ್ಣದು. ಯಂತ್ರ ತುಳಿಯಬಹುದು, ಮೊಮ್ಮಗಳನ್ನು ಎತ್ತಬಹುದು, ಸ್ವಲ್ಪ ದಿನ ಬಿಟ್ಟು ಎಂದರು ಡಾಕ್ಟರು.

ಆ ಸಂಜೆ ಅತ್ತಿಗೆ ಮೆಟ್ಟಿಲಿಗೆ ಬಂದಾಗ ಮೂಗಿನ ಮೇಲೆ ಕನ್ನಡಕದ ಗುರುತು ಕೆಂಪಾಗಿತ್ತು. ನಾನು ತಟ್ಟೆ ಇಟ್ಟೆ.

“ನಿನ್ನೆ ಸಂಜೆಯಿಂದ ಇತ್ತಂತೆ ನೋವು. ನನ್ನ ಎದುರಿಗೇ ಕೂತು ಮುಚ್ಚಿಟ್ಟ. ಯಾಕಂತೆ?”

ನಾನು ಹೇಳದಿರಬಹುದಿತ್ತು. ಆದರೆ ಅವರಿಗೆ ಸುಳ್ಳು ಹೇಳುವುದು ವೈದ್ಯರಿಗೆ ನಾಡಿ ಬಚ್ಚಿಟ್ಟಂತೆ. “ನೀವು ಬರಬೇಡಿ ಅಂದಿದ್ರಲ್ಲ, ಅದಕ್ಕೆ” ಎಂದೆ.

ಅವರು ತಟ್ಟೆಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. “ಹೃದಯ ಎಲ್ಲ ಎಲ್ಲಿ ಹೋದ್ವು ಅಂತ ಊರೆಲ್ಲ ಕೇಳ್ಕೊಂಡು ಬಂದೆ. ನಾವೇ ಅಲ್ವೇನೇ ಹೆದರಿಸಿ ಮನೇಲಿ ಕೂರಿಸಿದ್ದು? ಬಾಗಿಲು ತೆಗೆದಿಟ್ವಿ, ಬನ್ನಿ ಅಂತ ಹೇಳೋದೇ ಮರೆತ್ವಿ.” ಆಮೇಲೆ ತಟ್ಟೆ ಎತ್ತಿಕೊಂಡು ಪೂರ್ತಿ ಊಟ ಮಾಡಿದರು. ಅವರು ಅಳುವುದಕ್ಕಿಂತ ಮೊದಲು ಮುಂದಿನ ಕೆಲಸ ಯೋಚಿಸುವವರು. ಅದಕ್ಕೇ ಅವರನ್ನು ಕಂಡರೆ ನನಗೆ ಇಷ್ಟು ಹೆಮ್ಮೆ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವರು ಮೇಲಿನ ಮೆಟ್ಟಿಲಲ್ಲಿ ನಿಂತು ಇಡೀ ಬೀದಿಗೆ ಕೇಳುವಂತೆ ಗಂಟಲು ಬಿಟ್ಟರು.

“ಎಲ್ಲರೂ ಕೇಳ್ರಪ್ಪ. ನೆಗಡಿಗೆ ಮನೇಲಿರಿ, ಮಂಡಿನೋವಿಗೆ ಮನೇಲಿರಿ. ಎದೆ ಹಿಂಡಿದ್ರೆ, ಬೆವರು ಕಿತ್ಕೊಂಡು ಬಂದ್ರೆ, ಕೈಗೆ ದವಡೆಗೆ ನೋವು ಹರಿದ್ರೆ, ಒಂದು ಗಳಿಗೆನೂ ಕೂರಬೇಡಿ. ಬನ್ನಿ. ಕೆಮ್ಮು ಇದ್ರೂ ಬನ್ನಿ, ಜ್ವರ ಇದ್ರೂ ಬನ್ನಿ. ನಿಮಗೋಸ್ಕರ ಬಾಗಿಲಲ್ಲಿ ಮದುಮಗಳು ಸಿಂಗಾರ ಮಾಡ್ಕೊಂಡು ಕೂತಿರ್ತಾಳೆ. ನನ್ನಪ್ಪನೂ ಹಾಗೇ ಬಂದ, ಬದುಕಿದ.”

ಒಂದೊಂದಾಗಿ ಕಿಟಕಿ ತೆರೆದವು. ಎದುರುಮನೆಯ ಟೀಚರದೂ ತೆರೆಯಿತು. ಅವರು ಫೋನು ಹೊರಗೆ ಚಾಚಿ, “ಇನ್ನೊಂದ್ಸಲ ಹೇಳಿ, ನಿಧಾನವಾಗಿ, ಹಿಡ್ಕೋತೀನಿ” ಎಂದರು, ಥೇಟ್ ಮಕ್ಕಳಿಗೆ ಹೇಳುವ ಹಾಗೆ. ಅತ್ತಿಗೆ ವಿಧೇಯರಾಗಿ ಇನ್ನೊಮ್ಮೆ ಹೇಳಿದರು.

ಆ ದನಿ ಫೋನಿನಿಂದ ಫೋನಿಗೆ ಹಾರಿತು. ಎಲ್ಲಿಯವರೆಗೆಂದರೆ, ಮಾವ ಮನೆಗೆ ಬಂದು ಕಿಟಕಿಯ ಪಕ್ಕ ಒರಗಿ ಕೂತಿದ್ದ ಬೆಳಿಗ್ಗೆ ನಗರಸಭೆಯ ಕಸದ ಗಾಡಿ ಬೀದಿಗೆ ಬಂತು. ಹಸಿ ಕಸ, ಒಣ ಕಸದ ಹಾಡಿನ ನಡುವೆ ಮೈಕಿನಲ್ಲಿ ಅತ್ತಿಗೆಯ ಗಂಟಲು. ಎಲ್ಲರೂ ಕೇಳ್ರಪ್ಪ.

ಮಾವ ಎದೆಯ ಮೇಲೆ ಕೈಯಿಟ್ಟು ನಕ್ಕರು. “ಚಿಕ್ಕವಳಿದ್ದಾಗ ಮೆಲ್ಲಗೆ ಮಾತಾಡೇ ಅಂತ ಎಷ್ಟು ಬೈದಿದ್ದೆ. ನಾನು ಹೇಳಿದ್ದು ಕೇಳದೇ ಇದ್ದದ್ದೇ ಒಳ್ಳೇದಾಯ್ತು.”

ಗುಂಡಿ ಗಾಡಿಯ ಕಡೆ ಬೆರಳು ಮಾಡಿ, “ಮೆಟ್ಟಿಲತ್ತೆ” ಎಂದಳು.

ಆಮೇಲೆ ಸಂಜೆ ಅತ್ತಿಗೆ ಬರುವುದು ತಡವಾಗತೊಡಗಿತು. ಬಂದವರು ಮೆಟ್ಟಿಲಿಗೆ ಒರಗಿ, “ಇವತ್ತು ಕುರ್ಚಿಗೆ ಬೆನ್ನು ತಾಗಿಸೋಕೂ ಬಿಡ್ಲಿಲ್ಲ ಕಣೇ. ಒಬ್ಬರಾದ ಮೇಲೆ ಒಬ್ಬರು. ಒಬ್ಬಜ್ಜಿ ಬಂದು, ‘ಕಸದ ಗಾಡಿಯವಳು ನೀನೇನಾ?’ ಅಂತ ಕೇಳಿದ್ಲು” ಎಂದು ಗೊಣಗುತ್ತಿದ್ದರು. ಇಷ್ಟು ಸಂತೋಷದಿಂದ ಗೊಣಗುವವರನ್ನು ನಾನು ಬೇರೆ ಕಂಡಿಲ್ಲ.

ಮಾವನಿಗೆ ಯಂತ್ರ ತುಳಿಯಲು ಅಪ್ಪಣೆ ಸಿಕ್ಕ ದಿನ ಅತ್ತಿಗೆ ಒಗೆದು ಮಡಿಸಿದ ಬಿಳಿಯ ಗಂಟೊಂದನ್ನು ತಂದು ಕೆಳಗಿನ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದರು. ಮಾವ ಹೋಗಿ ಎತ್ತಿಕೊಂಡರು, ಕಂಕುಳ ಹೊಲಿಗೆಯನ್ನು ಬೆಳಕಿಗೆ ಹಿಡಿದರು, ಗುಂಡಿಯನ್ನು ಮಂಡಿಯ ಮೇಲೆ ಕೂರಿಸಿಕೊಂಡು ದಾರ ಪೋಣಿಸಿದರು.

“ಬೇಗ ಕೊಡಪ್ಪ” ಎಂದರು ಅತ್ತಿಗೆ. “ನಾಳೆ ನಂದೇ ಪಾಳಿ, ಮದುವೆ ಇದೆ.”

“ಯಾರ ಜೊತೆ?”

“ಯಾರು ಬರ್ತಾರೋ ಅವರ ಜೊತೆ.”

ಮಾವ ಯಂತ್ರ ತುಳಿದರು. ಹೊಲಿಗೆಯನ್ನು ಒಂದು ಸಾಲಿನ ಬದಲು ಎರಡು ಸಾಲು ಹಾಕಿದರು.